ಅನ್ಯರ ಜಗುಲಿಯ ಮೇಲಣ ಕಲಾವಿದ

ಕಳೆದ ಸೋಮವಾರ ಸಾಯಂಕಾಲ ಹೊನ್ನಾಳಿ ಸೀಮೆಯ ತರುಣ ಚಿತ್ರಕಾರರೊಬ್ಬರು ನಮ್ಮ ಕಾರ್ಯಾಲಯಕ್ಕೆ ಬಂದು, ನಾಲ್ಕು ಪಂಕ್ತಿಗಳ ಪ್ರಕಟಣೆಯೊಂದನ್ನು ಮೇಜಿನ ಮೇಲಿಟ್ಟು, ಅದನ್ನು ಜಾಹೀರಾತಿನ ದರದಲ್ಲಿಯೇ ಅಚ್ಚುಮಾಡಬೇಕೆಂದು ಕೇಳಿಕೊಂಡರು. ತಾವು ಆರು ವರ್ಷಗಳಿಂದ ಚಿತ್ರಗಳನ್ನು ಪ್ರದರ್ಶಿಸುತ್ತಿದ್ದ ದೊಡ್ಡದೊಂದು ಜಾಲತಾಣವನ್ನು ಬಿಟ್ಟಿರುವುದಾಗಿಯೂ, ಇನ್ನು ಮುಂದೆ ತಮ್ಮ ಚಿತ್ರಗಳು ಬೇಕಾದವರು ಅಂಚೆಯ ಮೂಲಕವಾಗಲಿ ದೂರವಾಣಿಯ ಮೂಲಕವಾಗಲಿ ತಮ್ಮನ್ನೇ ನೇರವಾಗಿ ವಿಚಾರಿಸಬೇಕೆಂದೂ ಅದರಲ್ಲಿ ಬರೆದಿದ್ದಿತು. ಅದಕ್ಕಿಂತ ಹೆಚ್ಚಿನ ಮಾತೊಂದೂ ಅದರಲ್ಲಿರಲಿಲ್ಲ. ದೂಷಣೆಯೂ ಇರಲಿಲ್ಲ, ದುಃಖವೂ ಇರಲಿಲ್ಲ.

ಈ ತರುಣರು ತುಂಗಭದ್ರೆಯ ದಡವನ್ನೂ, ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಯನ್ನೂ, ಸೂಳೆಕೆರೆಯ ಏರಿಯನ್ನೂ, ಜಗಳೂರಿನ ಬಯಲಿನ ಕುರಿಹಿಂಡುಗಳನ್ನೂ ಬಣ್ಣದಲ್ಲಿ ಬರೆಯತಕ್ಕವರು. ಯಾವ ಸಂಸ್ಥೆಯ ಸಂಬಳವನ್ನೂ ತಿನ್ನದೆ, ಕುಂಚವೊಂದರಿಂದಲೇ ಜೀವನ ಸಾಗಿಸುತ್ತಿರುವವರು. ಆ ಜಾಲತಾಣದಲ್ಲಿ ಸಾವಿರಾರು ಮಂದಿ ಇವರ ಚಿತ್ರಗಳನ್ನು ನೋಡುತ್ತಿದ್ದರು. ಬೆಂಗಳೂರಿನಿಂದಲೂ ಹೊರದೇಶಗಳ ಕನ್ನಡಿಗರಿಂದಲೂ ಆಗಾಗ್ಗೆ ಬೇಡಿಕೆ ಬರುತ್ತಿದ್ದಿತು. ಅಂತಹುದನ್ನು ಬಿಟ್ಟುದಕ್ಕಾಗಿ ಅವರ ತಂದೆ, "ಸಂತೆ ನೆರೆದ ಹೊತ್ತಿನಲ್ಲಿ ಗಂಟು ಕಟ್ಟಿಕೊಂಡು ಎದ್ದು ಬಂದೆಯಲ್ಲೋ, ಮಗನೇ" ಎಂದು ಬೇಸರಪಟ್ಟರಂತೆ. "ಸ್ವಾಮಿ, ನಾನು ಮಾಡಿದ್ದು ತಪ್ಪೇ? ತಾವು ಹಿರಿಯರು, ಹೇಳಬೇಕು" ಎಂದು ಅವರು ನಮ್ಮನ್ನು ಕೇಳಿದರು. ಆ ಗಳಿಗೆಯಲ್ಲಿ ನಾವು ತಕ್ಕ ಉತ್ತರವನ್ನು ಕೊಡಲಾರದೆ ಹೋದೆವು. ನಾಲ್ಕು ದಿನ ವಿಚಾರಮಾಡಿ ಈಗ ಈ ಪುಟದಲ್ಲಿ ಕೊಡುತ್ತಿದ್ದೇವೆ. ಏಕೆಂದರೆ ಈ ಪ್ರಶ್ನೆ ಅವರೊಬ್ಬರದಲ್ಲ.

ಜಗತ್ತಿನಲ್ಲಿ ನಡೆದುದೇನು?

2024ರ ಜೂನ್ ತಿಂಗಳಿನಲ್ಲಿ ಲಕ್ಷಾಂತರ ಚಿತ್ರಕಾರರು ಇನ್‌ಸ್ಟಾಗ್ರಾಂ ಎಂಬ ಜಾಲತಾಣಕ್ಕೆ ಬೆನ್ನು ತಿರುಗಿಸಿ 'ಕಾರಾ' ಎಂಬ ಚಿಕ್ಕ ತಾಣವೊಂದನ್ನು ಆಶ್ರಯಿಸಿದ ಸಂಗತಿ ನಮ್ಮ ವಾಚಕರಲ್ಲಿ ಕೆಲವರಿಗೆ ವಿದಿತವಾಗಿರಬಹುದು. ಇನ್‌ಸ್ಟಾಗ್ರಾಮಿನ ಒಡೆತನ ಮೆಟಾ ಕಂಪೆನಿಯವರದು. ಜನರು ಬಹಿರಂಗವಾಗಿ ಹಾಕಿದ ಚಿತ್ರಗಳನ್ನೂ ಬರಹಗಳನ್ನೂ ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆ ಪಾಠವಾಗಿ ಉಣಿಸುತ್ತಿರುವುದನ್ನು ಆ ಕಂಪೆನಿಯವರು 2023ರಲ್ಲಿಯೇ ಒಪ್ಪಿಕೊಂಡಿದ್ದರು. 2024ರ ಜೂನ್ 26ರಿಂದ ಯೂರೋಪಿನಲ್ಲಿಯೂ ಹಾಗೆಯೇ ಮಾಡುವೆವೆಂದು ಅವರು ಸಾರಿದಾಗ ಕಲಾವಿದರ ಸಹನೆಯ ಕಟ್ಟೆ ಒಡೆಯಿತು. ಸಿಂಗಪುರದಲ್ಲಿ ಬೆಳೆದ ಛಾಯಾಚಿತ್ರಕಾರ್ತಿ ಜಿಂಗ್ನಾ ಝಾಂಗ್ ಎಂಬವರು ಸ್ಥಾಪಿಸಿದ ಕಾರಾ ತಾಣದಲ್ಲಿ ಆಗ ಇದ್ದ ಸದಸ್ಯರ ಸಂಖ್ಯೆ ಸುಮಾರು 40 ಸಾವಿರ. ಒಂದು ವಾರ ಕಳೆಯುವುದರೊಳಗೆ ಅದು ಆರೂವರೆ ಲಕ್ಷವಾಯಿತು.

ಅಲ್ಲಿಂದೀಚೆಗೆ ಇಂತಹ ವಲಸೆ ನಿಂತಿಲ್ಲ. ಮೊದಲು ಟ್ವಿಟರ್ ಎಂಬ ಹೆಸರಿದ್ದ ಎಕ್ಸ್ ತಾಣದವರು 2024ರ ನವೆಂಬರ್ 15ರಿಂದ ಜಾರಿಗೆ ಬರುವಂತೆ ತಮ್ಮ ಷರತ್ತುಗಳನ್ನು ಬದಲಿಸಿ, ಸದಸ್ಯರ ಬರಹ ಚಿತ್ರಗಳನ್ನು ಯಂತ್ರಗಳ ಶಿಕ್ಷಣಕ್ಕೆ ಬಳಸಿಕೊಳ್ಳುವ ಅಧಿಕಾರವನ್ನು ಬಾಯಿಬಿಟ್ಟು ಬರೆದುಕೊಂಡಾಗಲೂ ಅನೇಕ ಚಿತ್ರಕಾರರು ಅದನ್ನು ತೊರೆದರು. ನಮ್ಮ ಹೊನ್ನಾಳಿಯ ತರುಣರು ಹೀಗೆ ಒಂದು ದೊಡ್ಡ ಜಾತ್ರೆಯ ಹಿಂದೆ ತಡವಾಗಿ ಹೊರಟ ಒಂಟಿ ಯಾತ್ರಿಕರು.

ಕರಾರಿನಲ್ಲಿ ಬರೆದಿರುವುದು

ಚಿತ್ರದ ಒಡೆತನ ಚಿತ್ರಕಾರನದೇ ಎಂದು ಈ ಕಂಪೆನಿಗಳೆಲ್ಲವೂ ಹೇಳುತ್ತವೆ, ಅದು ಸುಳ್ಳಲ್ಲ. ಆದರೆ ಅದರ ಮುಂದಿನ ವಾಕ್ಯವನ್ನು ಓದುವವರು ಕಡಮೆ. ಇನ್‌ಸ್ಟಾಗ್ರಾಮಿನ ಷರತ್ತುಗಳ ಪ್ರಕಾರ, ಅಲ್ಲಿ ಚಿತ್ರವನ್ನು ಹಾಕಿದವನು ಅದನ್ನು ಬಳಸಲು, ಹಂಚಲು, ಮಾರ್ಪಡಿಸಲು, ನಕಲುಮಾಡಲು, ಅದರಿಂದ ಬೇರೆ ಕೃತಿಗಳನ್ನು ಹುಟ್ಟಿಸಲು ಜಗತ್ತಿನಾದ್ಯಂತ ಸಲ್ಲುವ ಪರವಾನಗಿಯನ್ನು ಕಂಪೆನಿಗೆ ಕೊಟ್ಟಂತಾಗುತ್ತದೆ. ಅದಕ್ಕೆ ಪ್ರತಿಫಲವಿಲ್ಲ; ಕಂಪೆನಿಯು ಆ ಪರವಾನಗಿಯನ್ನು ಇತರರಿಗೆ ವರ್ಗಾಯಿಸಲೂಬಹುದು. ಹೊಲದ ಪಟ್ಟಾ ರೈತನ ಹೆಸರಿನಲ್ಲಿಯೇ ಇದ್ದು, ಬೆಳೆಯನ್ನು ಕೊಯ್ಯುವ ಹಕ್ಕು ಮಾತ್ರ ದಾರಿಯ ಯಜಮಾನನಿಗೂ ಇರುವುದಾದರೆ, ಆ ಪಟ್ಟಾದ ಕಾಗದದಿಂದ ರೈತನ ಹೊಟ್ಟೆ ತುಂಬುವುದೇ?

ಕಂಪೆನಿಗಳು ಜನಾಭಿಪ್ರಾಯಕ್ಕೆ ಎಂದೂ ಮಣಿಯುವುದಿಲ್ಲವೆಂದಲ್ಲ. 2012ರ ಡಿಸೆಂಬರಿನಲ್ಲಿ, ಫೇಸ್‌ಬುಕ್ಕಿನವರು ಇನ್‌ಸ್ಟಾಗ್ರಾಮನ್ನು ಕೊಂಡುಕೊಂಡ ವರ್ಷದಲ್ಲಿಯೇ, ಸದಸ್ಯರ ಚಿತ್ರಗಳನ್ನು ಜಾಹೀರಾತುಗಳಿಗೆ ಮಾರಬಹುದೆಂದು ತೋರುವ ಷರತ್ತೊಂದನ್ನು ಅದು ಪ್ರಕಟಿಸಿತು. ಜನರು ಗದ್ದಲವೆಬ್ಬಿಸಿದ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. 2024ರ ಜೂನಿನಲ್ಲಿಯೂ ಐರ್ಲೆಂಡಿನ ಅಧಿಕಾರಿಗಳು ಕೇಳಿಕೊಂಡ ಮೇಲೆ ಮೆಟಾ ಕಂಪೆನಿಯವರು ಯೂರೋಪಿನ ಯೋಜನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಮರುವರ್ಷ ಮೇ ತಿಂಗಳಿನಲ್ಲಿ ಮತ್ತೆ ಮೊದಲು ಮಾಡಿದರು. ಬ್ರೆಜಿಲ್ ದೇಶದ ಅಧಿಕಾರಿಗಳು 2024ರ ಜುಲೈ ತಿಂಗಳಲ್ಲಿ ಇದೇ ಕಾರ್ಯಕ್ಕೆ ತಡೆಯೊಡ್ಡಿ, ಕೆಲವು ಷರತ್ತುಗಳಿಗೆ ಕಂಪೆನಿ ಒಪ್ಪಿದ ಬಳಿಕ ಆಗಸ್ಟಿನ ಕೊನೆಯಲ್ಲಿ ತಡೆಯನ್ನು ತೆಗೆದರು. ಕಾನೂನಿನ ಬಲವಿದ್ದ ಯೂರೋಪಿಯನರಿಗೆ ಆಕ್ಷೇಪಣೆಯ ಅರ್ಜಿಯಾದರೂ ದೊರೆಯಿತು. ನಮ್ಮ ದೇಶದವರಿಗೆ ಆಗ ಅಷ್ಟೂ ದೊರೆಯಲಿಲ್ಲ.

ಏಕೆ ದೊರೆಯಲಿಲ್ಲ? ನಮ್ಮ ಓದುಗರಲ್ಲಿ ಸರಕಾರಿ ಅಧಿಕಾರಿಗಳೂ ವಕೀಲರೂ ಅನೇಕರಿರುವುದರಿಂದ ಇದನ್ನು ಸ್ಪಷ್ಟವಾಗಿ ಹೇಳುವುದು ಉಚಿತ. ನಮ್ಮ ಪಾರ್ಲಿಮೆಂಟು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು, ಒಬ್ಬನು ತಾನಾಗಿಯೇ ಬಹಿರಂಗಪಡಿಸಿದ ವೈಯಕ್ತಿಕ ವಿಷಯಗಳಿಗೆ ಅನ್ವಯಿಸುವುದಿಲ್ಲವೆಂದು ತನ್ನ 3ನೆಯ ಪ್ರಕರಣದಲ್ಲಿಯೇ ಹೇಳಿಬಿಟ್ಟಿದೆ. ಚಿತ್ರಕಾರನಾದರೋ ಹತ್ತು ಜನ ನೋಡಲೆಂದೇ ಚಿತ್ರವನ್ನು ಹಾಕುವವನು. ಮುಚ್ಚಿಟ್ಟರೆ ಹಸಿವು, ತೆರೆದಿಟ್ಟರೆ ರಕ್ಷಣೆಯಿಲ್ಲ. ಇದು ಅವನ ಸ್ಥಿತಿ.

ಎದುರು ಪಕ್ಷದ ಮಾತು

ಹೀಗೆಂದ ಮಾತ್ರಕ್ಕೆ ಜಾಲತಾಣಗಳಿಂದ ಕಲಾವಿದನಿಗೆ ಏನೂ ಒಳಿತಾಗಲಿಲ್ಲವೆಂದು ನಾವು ಹೇಳಹೊರಟರೆ ಅದು ಕೃತಘ್ನತೆಯಾದೀತು. ಇವು ಬರುವುದಕ್ಕೆ ಮೊದಲು ನಮ್ಮ ಸೀಮೆಯ ಚಿತ್ರಕಾರನ ಪಾಡೇನಿದ್ದಿತು? ಅಂಗಡಿಗಳ ಹಲಗೆ ಬರೆಯುವುದು, ನಾಟಕದ ಕಂಪೆನಿಗಳ ಪರದೆ ಬರೆಯುವುದು, ಶಾಲೆಯ ಗೋಡೆಯ ಮೇಲೆ ದೇಶನಾಯಕರ ಮುಖಗಳನ್ನು ಬರೆಯುವುದು. ನಾಟಕದ ಕಂಪೆನಿಗಳು ಕ್ಷೀಣಿಸಿದವು. ಅಂಗಡಿಯ ಹಲಗೆಗಳನ್ನು ಫ್ಲೆಕ್ಸ್ ನುಂಗಿತು. ಆಗ ಅವನಿಗೆ ಉಳಿದ ಜಗುಲಿ ಇದೊಂದೇ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಕ್ಷೇತ್ರ. ಲಂಬಾಣಿ ಹೆಣ್ಣುಮಕ್ಕಳ ಕನ್ನಡಿ ಕಸೂತಿಯನ್ನು ನೋಡಲು ಹಿಂದೆ ತಾಂಡಾಕ್ಕೋ ಜಾತ್ರೆಗೋ ಹೋಗಬೇಕಾಗಿದ್ದಿತು. ಇಂದು ಮೊಬೈಲಿನ ಒಂದು ಚಿತ್ರದಿಂದ ಅದು ದೂರದ ನಗರವನ್ನು ಮುಟ್ಟಬಲ್ಲುದು. ಇದು ಅಲ್ಪ ಉಪಕಾರವಲ್ಲ.

ಪತ್ರಿಕೆಯವರಾದ ನಾವು ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಜಾಲತಾಣಗಳಿಗೆ ಮೊದಲು ಕಲಾವಿದನ ಬಾಗಿಲನ್ನು ಕಾಯುತ್ತಿದ್ದವರು ನಾವೇ. ಮೈಸೂರಿನಲ್ಲಿ 1921ರಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣರು ಮುಂಬಯಿಯ ಫ್ರೀ ಪ್ರೆಸ್ ಜರ್ನಲ್ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರಕಾರರಾಗಿದ್ದಾಗ, ಕಮ್ಯುನಿಸ್ಟರನ್ನು ಗೇಲಿಮಾಡಕೂಡದೆಂದು ಪತ್ರಿಕೆಯ ಒಡೆಯರು ವಿಧಿಸಿದರು. ಲಕ್ಷ್ಮಣರು ವಾದಕ್ಕೆ ನಿಲ್ಲದೆ ಎದ್ದು ಹೊರಟರು. 1947ರಲ್ಲಿ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯನ್ನು ಸೇರಿ ಐವತ್ತು ವರ್ಷಗಳಿಗೂ ಮಿಕ್ಕಿ ಅಲ್ಲಿ ಬರೆದರು. ಕುಂದಾಪುರದ ಸತೀಶ್ ಆಚಾರ್ಯರು ಚೀನಾ ದೇಶವನ್ನು ಕುರಿತು ಬರೆದ ವ್ಯಂಗ್ಯಚಿತ್ರವನ್ನು 2018ರಲ್ಲಿ ದೆಹಲಿಯ ಮೇಲ್ ಟುಡೇ ಪತ್ರಿಕೆಯವರು ಒಲ್ಲೆನೆಂದ ಮೇಲೆ, ಅಲ್ಲಿ ಅವರ ಚಿತ್ರಗಳಿಗಿದ್ದ ಸ್ಥಳವೇ ಇಲ್ಲವಾಯಿತು. ಆಗ ಅವರ ಕುಂಚವನ್ನು ಜನರಿಗೆ ನೇರವಾಗಿ ಮುಟ್ಟಿಸಿದುದು ಇದೇ ಜಾಲತಾಣಗಳಲ್ಲವೇ? ಲಕ್ಷ್ಮಣರಿಗೆ ಒಂದು ಪತ್ರಿಕೆ ಹೋದರೆ ಬೀದಿಯ ಆಚೆ ಇನ್ನೊಂದು ಪತ್ರಿಕೆಯಿದ್ದಿತು. ಆಚಾರ್ಯರಿಗೆ ಪತ್ರಿಕೆ ಹೋದರೆ ಜಾಲತಾಣವಿದ್ದಿತು. ಜಾಲತಾಣವನ್ನೇ ಬಿಟ್ಟ ಕಲಾವಿದನು ಹೋಗುವುದೆಲ್ಲಿಗೆ? ಆ ತಂದೆಯ ಬೇಸರದಲ್ಲಿ ಅಡಗಿರುವ ನಿಜವಾದ ಪ್ರಶ್ನೆ ಇದೇ.

ಮಳೆಗೆ ಒಡೆಯನಿಲ್ಲ

ಯಂತ್ರಗಳಿಗೆ ಉಣಿಸುವುದೊಂದೇ ತಮ್ಮ ದೂರಲ್ಲವೆಂದು ಆ ತರುಣರು ನಮಗೆ ವಿವರಿಸಿದರು. ಹಿಂದೆ ತಮ್ಮ ಚಿತ್ರವನ್ನು ಬೇಕೆಂದು ಆರಿಸಿಕೊಂಡವರಿಗೆಲ್ಲ ಅದು ಕಾಣಿಸುತ್ತಿದ್ದಿತು. ಈಗ ಯಾರಿಗೆ ಯಾವುದನ್ನು ತೋರಿಸಬೇಕೆಂಬುದನ್ನು ಕಂಪೆನಿಯ ಗಣಿತಸೂತ್ರ ನಿರ್ಣಯಿಸುತ್ತದೆ. ನಿಂತ ಚಿತ್ರಕ್ಕಿಂತ ಓಡುವ ಚಿತ್ರಕ್ಕೆ, ಅಂದರೆ ರೀಲಿಗೆ, ಮನ್ನಣೆ ಹೆಚ್ಚು. ಹಣ ತೆತ್ತವರಿಗೆ ದಾರಿ ಸುಗಮ. ಒಂದು ತಿಂಗಳು ಶ್ರಮಪಟ್ಟು ಬರೆದ ಪುಷ್ಕರಣಿಯ ಚಿತ್ರವನ್ನು ಬೆರಳೆಣಿಕೆಯ ಜನ ನೋಡಿದರಂತೆ. ಬಣ್ಣ ಚೆಲ್ಲಿ ಅಂಗಿ ಕೆಟ್ಟುದನ್ನು ಯಾರೋ ಗೆಳೆಯರು ತೆಗೆದು ಹಾಕಿದ ಅರ್ಧ ನಿಮಿಷದ ದೃಶ್ಯವನ್ನು ಸಾವಿರಾರು ಜನ ನೋಡಿದರಂತೆ. "ನಾನು ಚಿತ್ರ ಬರೆಯುವುದನ್ನು ಬಿಟ್ಟು, ಚಿತ್ರ ಬರೆಯುವವನ ಹಾಗೆ ಕುಣಿಯುವುದನ್ನು ಕಲಿಯಬೇಕಾಗಿದೆ, ಸ್ವಾಮಿ" ಎಂದು ಅವರು ನಕ್ಕರು. ಆ ನಗುವಿನಲ್ಲಿ ಸಂತೋಷವಿರಲಿಲ್ಲ.

ಜಗಳೂರಿನ ಒಕ್ಕಲಿಗನು ಪ್ರತಿವರ್ಷ ಮುಂಗಾರಿಗಾಗಿ ಆಕಾಶವನ್ನು ನೋಡುತ್ತಾನೆ. ಮಳೆ ಬಂದೀತು, ಬಾರದಿದ್ದೀತು. ಅವನು ಅದಕ್ಕಾಗಿ ಯಾರನ್ನೂ ನಿಂದಿಸಲಾರನು, ಏಕೆಂದರೆ ಮಳೆಗೆ ಒಡೆಯನಿಲ್ಲ. ಜಾಲತಾಣದ ಕಲಾವಿದನೂ ಹಾಗೆಯೇ ಕಾದು ಕುಳಿತಿರುವನು; ಆದರೆ ಅವನ ಮಳೆಗೆ ಒಡೆಯನುಂಟು, ಒಡೆಯನಿಗೆ ಲೆಕ್ಕವುಂಟು, ಆ ಲೆಕ್ಕವನ್ನು ಕೇಳುವ ಅಧಿಕಾರ ಮಾತ್ರ ಇವನಿಗಿಲ್ಲ. ಬರಗಾಲಕ್ಕೂ ಇದಕ್ಕೂ ಇರುವ ಅಂತರ ಅಷ್ಟೆ.

ಬಿಟ್ಟು ಹೋಗುವುದು ಸುಲಭವಲ್ಲ

ಹಾಗಾದರೆ ಎಲ್ಲರೂ ಬಿಟ್ಟುಬಿಡಲಿ ಎಂದು ಹೇಳೋಣವೇ? ಅಷ್ಟು ಅವಸರ ಕೂಡದು. ಕಾರಾ ತಾಣದ ಕತೆಯನ್ನೇ ಮುಂದಕ್ಕೆ ನೋಡಿರಿ. ಒಮ್ಮೆಗೆ ಲಕ್ಷಾಂತರ ಅತಿಥಿಗಳು ನುಗ್ಗಿದುದರಿಂದ, ಬಾಡಿಗೆಯ ಯಂತ್ರಸೌಕರ್ಯಕ್ಕಾಗಿ ಆ ಚಿಕ್ಕ ತಾಣಕ್ಕೆ ಬಂದ ಲೆಕ್ಕ ಸುಮಾರು 96 ಸಾವಿರ ಡಾಲರುಗಳು. ಅದನ್ನು ನಡೆಸುತ್ತಿದ್ದವರು ಸ್ವಯಂಸೇವಕರು. ಧರ್ಮಶಾಲೆಯನ್ನು ಕಟ್ಟಿದವರಿಗೂ ದೀಪದ ಎಣ್ಣೆಯ ಖರ್ಚು ತಪ್ಪದು.

ಸ್ವದೇಶೀ ತಾಣವನ್ನು ಆಶ್ರಯಿಸಿದರೆ ಸಾಕೆಂಬ ವಾದವೂ ಉಂಟು. ಸ್ವದೇಶೀ ಎಂಬ ಮಾತಿಗೆ ಈ ಪತ್ರಿಕೆಯಲ್ಲಿ ಯಾವಾಗಲೂ ಗೌರವವಿದೆ. ಆದರೆ ಗೌರವ ಬೇರೆ, ವಿವೇಚನೆ ಬೇರೆ. ನಮ್ಮ ಬೆಂಗಳೂರಿನಲ್ಲಿಯೇ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ಎಂಬವರು ಸ್ಥಾಪಿಸಿದ 'ಕೂ' ಎಂಬ ತಾಣ 2020ರಲ್ಲಿ ಕನ್ನಡದಲ್ಲಿಯೇ ಮೊದಲು ಆರಂಭವಾಯಿತು. ದೇಶಭಾಷೆಗಳಲ್ಲಿ ಬರೆಯುವವರು ಅದನ್ನು ಅಭಿಮಾನದಿಂದ ಅಪ್ಪಿಕೊಂಡರು. ಕೊಳ್ಳುವವರೊಡನೆ ನಡೆದ ಮಾತುಕತೆಗಳು ಮುರಿದುಬಿದ್ದು 2024ರ ಜುಲೈ ತಿಂಗಳಲ್ಲಿ ಅದು ಮುಚ್ಚಿಹೋಯಿತು. ಇದಕ್ಕೂ ಮೊದಲು 2020ರ ಜೂನ್ 29ರಂದು ಭಾರತ ಸರಕಾರದವರು ಟಿಕ್‌ಟಾಕ್ ಮೊದಲಾದ 59 ಚೀನೀ ಆ್ಯಪುಗಳನ್ನು ನಿಷೇಧಿಸಿದಾಗ, ಹಳ್ಳಿಗಳ ಎಷ್ಟೋ ಹಾಡುಗಾರರೂ ಕುಣಿತದವರೂ ಕೂಡಿಸಿಕೊಂಡಿದ್ದ ಪ್ರೇಕ್ಷಕವರ್ಗ ಒಂದೇ ರಾತ್ರಿಯಲ್ಲಿ ಚದರಿಹೋಯಿತು. ನಿಷೇಧಕ್ಕೆ ದೇಶರಕ್ಷಣೆಯ ಕಾರಣವನ್ನು ಸರಕಾರದವರು ಕೊಟ್ಟಿದ್ದರು. ಅದರ ವಿಮರ್ಶೆ ಇಲ್ಲಿ ನಮ್ಮ ಉದ್ದೇಶವಲ್ಲ. ಕಲಾವಿದನ ಕಡೆಯಿಂದ ನೋಡಿದರೆ ಫಲ ಒಂದೇ. ಜಗುಲಿಯ ಯಜಮಾನ ವಿದೇಶಿಯಾಗಲಿ ಸ್ವದೇಶಿಯಾಗಲಿ, ಲಾಭದಲ್ಲಿರಲಿ ನಷ್ಟದಲ್ಲಿರಲಿ, ಜಗುಲಿ ತನ್ನದಲ್ಲದ ಮೇಲೆ ಏಳೆಂದಾಗ ಏಳಲೇಬೇಕು.

ಬಿಟ್ಟುಹೋದವನ ಚಿತ್ರಗಳ ಗತಿಯೇನು? ಇನ್‌ಸ್ಟಾಗ್ರಾಮಿನಲ್ಲಿ ಖಾತೆಯನ್ನು ಅಳಿಸಬೇಕೆಂದು ಕೇಳಿದ ಮೇಲೆ 30 ದಿನ ಕಾಯಬೇಕು. ಆಮೇಲೆ ಪೂರ್ತಿಯಾಗಿ ಅಳಿಸುವುದಕ್ಕೆ 90 ದಿನಗಳವರೆಗೆ ಹಿಡಿಯಬಹುದೆಂದು ಕಂಪೆನಿಯವರೇ ಹೇಳುತ್ತಾರೆ. ಅಷ್ಟರಲ್ಲಿ ಯಂತ್ರವು ಕಲಿತುಕೊಂಡ ಪಾಠವಂತೂ ಖಾತೆಯೊಡನೆ ಅಳಿಯುವುದಿಲ್ಲ. ಆದುದರಿಂದ ಹೊರಡಬೇಕೆಂದಿರುವ ಕಲಾವಿದರು ಮೊದಲು ತಮ್ಮ ಚಿತ್ರಗಳ ಪ್ರತಿಗಳನ್ನೂ, ತಮ್ಮನ್ನು ವಿಚಾರಿಸಿದವರ ವಿಳಾಸಗಳನ್ನೂ ತೆಗೆದಿಟ್ಟುಕೊಂಡು ಆ ಬಳಿಕ ಬಾಗಿಲನ್ನು ಎಳೆದುಕೊಳ್ಳುವುದು ಜಾಣತನ. ಚಿಕಾಗೋ ವಿಶ್ವವಿದ್ಯಾನಿಲಯದ ವಿದ್ವಾಂಸರು 2023ರಲ್ಲಿ 'ಗ್ಲೇಜ್' ಎಂಬ ಉಪಕರಣವನ್ನು ಪ್ರಕಟಿಸಿದರು. ಮನುಷ್ಯನ ಕಣ್ಣಿಗೆ ಬಹುಮಟ್ಟಿಗೆ ಕಾಣದಂತಹ ವ್ಯತ್ಯಾಸವನ್ನು ಚಿತ್ರದಲ್ಲಿ ಸೇರಿಸಿ, ಅದರ ಶೈಲಿಯನ್ನು ಯಂತ್ರವು ಸರಿಯಾಗಿ ಗ್ರಹಿಸದಂತೆ ಮಾಡುವುದು ಅದರ ಕೆಲಸ. ಅಲ್ಲಿಯೇ ಉಳಿಯುವವರಿಗೆ ಅದು ಒಂದು ಬೇಲಿ. ಆದರೆ ಬೇಲಿ ಬೇಲಿಯೇ, ಕೋಟೆಯಲ್ಲ.

ಕಾಯಿದೆಯ ಆಸರೆ

ನಮ್ಮ ದೇಶದ ಕೃತಿಸ್ವಾಮ್ಯದ ಕಾಯಿದೆ 1957ರದು. ಚಿತ್ರವನ್ನು ಬರೆದ ಕ್ಷಣದಿಂದಲೇ, ಯಾವ ನೋಂದಣಿಯೂ ಇಲ್ಲದೆ, ಅದರ ಹಕ್ಕು ಚಿತ್ರಕಾರನಿಗೆ ಹುಟ್ಟುತ್ತದೆ. ಅವನು ಬದುಕಿರುವವರೆಗೂ, ಕಾಲವಾದ ಮೇಲೆ 60 ವರ್ಷಗಳವರೆಗೂ ಅದು ಸಲ್ಲುತ್ತದೆ. ಆದರೆ 17ನೆಯ ಪ್ರಕರಣದಲ್ಲಿ ಒಂದು ಮುಳ್ಳುಂಟು. ಬೇರೊಬ್ಬರು ಹಣ ಕೊಟ್ಟು ಬರೆಯಿಸಿದ ಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಯಿಸಿದವನೇ ಮೊದಲ ಸ್ವಾಮಿ. ಮನೆತನದವರ ಭಾವಚಿತ್ರಗಳನ್ನೂ ಸಂಘಸಂಸ್ಥೆಗಳ ಚಿತ್ರಗಳನ್ನೂ ಬಾಯಿಮಾತಿನ ಮೇಲೆ ಬರೆದುಕೊಡುವ ನಮ್ಮ ಚಿತ್ರಕಾರರು ಇದನ್ನು ಮನಸ್ಸಿನಲ್ಲಿಟ್ಟು ಒಂದು ತುಂಡು ಕಾಗದದಲ್ಲಾದರೂ ಕರಾರು ಬರೆಯಿಸಿಕೊಳ್ಳತಕ್ಕದ್ದು.

57ನೆಯ ಪ್ರಕರಣ ಇನ್ನೂ ಮುಖ್ಯವಾದುದು. ಹಕ್ಕನ್ನು ಮಾರಿದ ಮೇಲೆಯೂ, ಕೃತಿ ತನ್ನದೆಂದು ಹೇಳಿಕೊಳ್ಳುವ ಹಾಗೂ ಅದನ್ನು ತನ್ನ ಮಾನಕ್ಕೆ ಕುಂದುಬರುವಂತೆ ವಿರೂಪಗೊಳಿಸುವುದನ್ನು ತಡೆಯುವ ವಿಶೇಷಾಧಿಕಾರ ಕರ್ತೃವಿಗೆ ಉಳಿದಿರುತ್ತದೆ. ಶಿಲ್ಪಿ ಅಮರನಾಥ ಸೆಹಗಲ್ಲರು ದೆಹಲಿಯ ವಿಜ್ಞಾನ ಭವನಕ್ಕೆ ರಚಿಸಿಕೊಟ್ಟ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಸರಕಾರದವರು ಕಿತ್ತು ಉಗ್ರಾಣಕ್ಕೆ ಹಾಕಿದಾಗ, ಅವರು ಈ ಪ್ರಕರಣವನ್ನೇ ಹಿಡಿದು ಹೋರಾಡಿದರು. 2005ರಲ್ಲಿ ದೆಹಲಿಯ ಹೈಕೋರ್ಟು ಅಳಿದುಳಿದ ಶಿಲ್ಪವನ್ನು ಅವರಿಗೆ ಹಿಂದಿರುಗಿಸಿ, 5 ಲಕ್ಷ ರೂಪಾಯಿಗಳ ಪರಿಹಾರವನ್ನೂ ಕೊಡಬೇಕೆಂದು ತೀರ್ಪು ನೀಡಿತು. ಸರಕಾರದ ಎದುರಿನಲ್ಲಿಯೂ ಒಬ್ಬ ಕಲಾವಿದನ ಹಕ್ಕು ನಿಂತಿತೆಂಬುದು ನೆನಪಿಡತಕ್ಕ ಸಂಗತಿ.

ಯಂತ್ರಗಳ ವಿಚಾರದಲ್ಲಿ ಮಾತ್ರ ದಾರಿ ಇನ್ನೂ ತೆರವಾಗಿಲ್ಲ. ಅಮೆರಿಕದಲ್ಲಿ ಸಾರಾ ಆಂಡರ್ಸನ್ ಮೊದಲಾದ ಚಿತ್ರಕಾರ್ತಿಯರು 2023ರ ಜನವರಿಯಲ್ಲಿ ಹೂಡಿದ ಮೊಕದ್ದಮೆಯ ಮುಖ್ಯ ಆಪಾದನೆಗಳು ಮುಂದುವರಿಯಬಹುದೆಂದು 2024ರ ಆಗಸ್ಟಿನಲ್ಲಿ ನ್ಯಾಯಾಧೀಶರು ಹೇಳಿದರು. ನಮ್ಮ ಕೇಂದ್ರ ಸರಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಇಲಾಖೆಯವರು 2025ರ ಡಿಸೆಂಬರಿನಲ್ಲಿ ಪ್ರಕಟಿಸಿದ ಕಾರ್ಯಪತ್ರವೊಂದರಲ್ಲಿ, ಯಂತ್ರಗಳ ಶಿಕ್ಷಣಕ್ಕೆ ಕೃತಿಗಳನ್ನು ಬಳಸಲು ಕಡ್ಡಾಯ ಪರವಾನಗಿಯಿರಬೇಕು, ಅದಕ್ಕೆ ಪ್ರತಿಯಾಗಿ ಕರ್ತೃಗಳಿಗೆ ರಾಯಧನ ಸಲ್ಲಬೇಕು ಎಂದು ಸೂಚಿಸಿದ್ದಾರೆ. ಹಣ ಸಲ್ಲಬೇಕೆಂಬುದು ಮೆಚ್ಚತಕ್ಕ ಮಾತು. ಆದರೆ 'ಕಡ್ಡಾಯ' ಎಂಬ ಪದವನ್ನು ಗಮನಿಸಿರಿ: ಕೊಡುವುದಿಲ್ಲವೆನ್ನುವ ಹಕ್ಕು ಕಲಾವಿದನಿಗೆ ಉಳಿಯುವುದಿಲ್ಲ. ದೊಡ್ಡ ಪ್ರಕಾಶಕರು ತಮ್ಮ ಪಾಲನ್ನು ಲೆಕ್ಕಹಾಕಿ ಪಡೆದಾರು. ನ್ಯಾಮತಿಯ ತಾಂಡಾದ ಕಸೂತಿಯವಳಿಗೆ, ಹೊನ್ನಾಳಿಯ ಚಿತ್ರಕಾರನಿಗೆ ಆ ರಾಯಧನವನ್ನು ಯಾವ ಗುಮಾಸ್ತರು ಹುಡುಕಿಕೊಂಡು ಬಂದು ಕೊಡುವರು? ಈ ಎರಡು ಮಾತುಗಳಿಗೆ ಸಮರ್ಪಕವಾದ ಉತ್ತರ ದೊರೆಯುವವರೆಗೂ ಈ ಸೂಚನೆಯನ್ನು ನಾವು ಪೂರ್ಣವಾಗಿ ಒಪ್ಪಲಾರೆವು.

ಪರಿಹಾರ ನಮ್ಮ ಸೀಮೆಯಲ್ಲಿಯೇ ಉಂಟು

ಅನ್ಯರ ಜಗುಲಿಯನ್ನು ಬಿಟ್ಟವನಿಗೆ ತನ್ನದೇ ಆದ ಜಗುಲಿ ಬೇಕು. ಒಬ್ಬನಿಂದ ಕಟ್ಟಲಾಗದುದನ್ನು ಹತ್ತು ಮಂದಿ ಕೂಡಿ ಕಟ್ಟಬೇಕು. ಇದು ನಮಗೆ ಹೊಸ ಪಾಠವಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿ ದೇಶಕ್ಕೆ ಮೇಲ್ಪಂಕ್ತಿಯಾದರು. ನಮ್ಮ ಚನ್ನಗಿರಿಯ ಅಡಿಕೆ ಬೆಳೆಗಾರರು, ವ್ಯಾಪಾರಿ ಹೇಳಿದುದೇ ದರವೆಂದು ಕೈಕಟ್ಟಿ ಕೂರದೆ, ತುಮ್ಕೋಸ್ ಎಂದು ಪ್ರಸಿದ್ಧವಾಗಿರುವ ತಮ್ಮದೇ ಮಾರಾಟ ಸಹಕಾರ ಸಂಘವನ್ನು ಬೆಳೆಸಿಕೊಂಡಿರುವುದು ಕಣ್ಣೆದುರಿಗಿದೆ. ಅಡಿಕೆಗೆ ಸಾಧ್ಯವಾದುದು ಚಿತ್ರಕ್ಕೆ ಏಕೆ ಅಸಾಧ್ಯ? ಕೆನಡಾ ದೇಶದಲ್ಲಿ 2013ರಲ್ಲಿ ಆರಂಭವಾದ 'ಸ್ಟಾಕ್ಸಿ' ಎಂಬ ಸಂಸ್ಥೆ ಛಾಯಾಚಿತ್ರಕಾರರೇ ಒಡೆಯರಾಗಿರುವ ಸಹಕಾರ ಸಂಘ; ಸದಸ್ಯರು ತಮ್ಮ ಚಿತ್ರಗಳನ್ನು ಅದರ ಮೂಲಕ ಮಾರಿ ಅದರ ಲಾಭದಲ್ಲಿಯೂ ಪಾಲು ಹೊಂದುತ್ತಾರೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ಚಿತ್ರಕಾರರೂ ಕಸೂತಿಯವರೂ ಛಾಯಾಚಿತ್ರಕಾರರೂ ಒಂದು ಸಂಘವಾಗಿ ನೋಂದಾಯಿಸಿಕೊಂಡು, ತಮ್ಮದೇ ಒಂದು ವಿಳಾಸವನ್ನೂ ಗ್ರಾಹಕರ ಒಂದು ಪಟ್ಟಿಯನ್ನೂ ಇಟ್ಟುಕೊಳ್ಳುವುದಾದರೆ, ದೊಡ್ಡ ಜಾಲತಾಣವು ಅವರಿಗೆ ಸಂತೆಯ ದಿನದ ಬೀದಿಯಾಗಿ ಉಳಿದೀತೇ ಹೊರತು ಮನೆಯಾಗಲಾರದು. ಸಂತೆಗೆ ಹೋಗಬಾರದೆಂದು ನಾವು ಹೇಳುವುದಿಲ್ಲ. ಸಂತೆಯಲ್ಲಿಯೇ ಮಲಗಬಾರದೆಂದು ಹೇಳುತ್ತೇವೆ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದವರು ಇಂತಹ ಸಂಘಕ್ಕೆ ಮಾರ್ಗದರ್ಶನ ಮಾಡಬಲ್ಲರು.

ಅಧಿಕಾರಿಗಳಿಗೂ ಒಂದು ಬಿನ್ನಹ. 1997ರಲ್ಲಿ ನಮ್ಮ ಜಿಲ್ಲೆ ರಚಿತವಾದಂದಿನಿಂದ ಎಷ್ಟೋ ಕಚೇರಿಗಳು ಎದ್ದಿವೆ. 2018ರಲ್ಲಿ ತಾಲ್ಲೂಕಾದ ನ್ಯಾಮತಿಗೂ ಅದರ ಪಾಲು ಸಲ್ಲುತ್ತಿದೆ. ಈ ಗೋಡೆಗಳ ಮೇಲೆ ಎಲ್ಲಿಂದಲೋ ಇಳಿಸಿಕೊಂಡು ಮುದ್ರಿಸಿದ ಚಿತ್ರಗಳ ಬದಲು ಈ ನೆಲದ ಕಲಾವಿದರಿಂದ ಕೊಂಡ ಚಿತ್ರಗಳನ್ನು, ಅವರ ಹೆಸರಿನೊಡನೆ, ತೂಗುಹಾಕಲು ಸರಕಾರದ ಹೊಸ ಯೋಜನೆಯೇನೂ ಬೇಕಿಲ್ಲ. ಸಂತೇಬೆನ್ನೂರಿನ ವಸಂತಮಂಟಪವನ್ನು ಕಡೆದ ಶಿಲ್ಪಿಗಳ ಹೆಸರುಗಳು ನಮ್ಮ ನಾಲಗೆಯ ಮೇಲಿಲ್ಲ. ಇಂದಿನವರ ಹೆಸರುಗಳಾದರೂ ಉಳಿಯಲಿ.

ನಮ್ಮ ತಪ್ಪು

ಕೊನೆಯದಾಗಿ ನಮ್ಮ ಮನೆಯ ಮಾತು. ಆ ತರುಣರು ಪ್ರಕಟಣೆಯನ್ನು ಕೊಟ್ಟ ಮೇಲೆ, ಚೀಲದಿಂದ ನಮ್ಮದೇ ಪತ್ರಿಕೆಯ ಹಳೆಯ ಸಂಚಿಕೆಯೊಂದನ್ನು ತೆಗೆದು ಮೆಲ್ಲನೆ ಮೇಜಿನ ಮೇಲೆ ಬಿಡಿಸಿದರು. ದಸರೆಯ ವಿಶೇಷ ಪುಟದಲ್ಲಿ ಸಂತೇಬೆನ್ನೂರಿನ ಪುಷ್ಕರಣಿಯ ಚೆಲುವಾದ ಚಿತ್ರವೊಂದು ಅಚ್ಚಾಗಿದ್ದಿತು. ಅದು ಇವರ ಕೈಯ ಚಿತ್ರ. ಅದರ ಕೆಳಗೆ ಇವರ ಹೆಸರಿರಲಿಲ್ಲ. ಮೂಲೆಯಲ್ಲಿ ಇವರು ಹಾಕಿದ್ದ ರುಜುವೂ ಪುಟ ಕತ್ತರಿಸುವಾಗ ಹೋಗಿದ್ದಿತು. ನಮ್ಮ ಕಾರ್ಯಾಲಯದವರು ಅದನ್ನು ಜಾಲತಾಣದಿಂದ ಇಳಿಸಿಕೊಂಡಿದ್ದರು. ಕೇಳಿಯೂ ಇರಲಿಲ್ಲ, ಕೊಟ್ಟೂ ಇರಲಿಲ್ಲ. "ಇದನ್ನು ತೋರಿಸಬೇಕೆಂದಿರಲಿಲ್ಲ, ಸ್ವಾಮಿ, ತಾವೇ ಕಾರಣ ಕೇಳಿದಿರಿ" ಎಂದರು. ಸಾವಿರಾರು ಮೈಲಿಗಳ ಆಚೆಯ ಕಂಪೆನಿಗಳು ಮಾಡುವುದನ್ನು ನಾವು ನಮ್ಮ ಜಿಲ್ಲೆಯಲ್ಲಿಯೇ, ನಮ್ಮ ಮೇಜಿನ ಮೇಲೆಯೇ ಮಾಡಿದ್ದೆವು. ಅದಕ್ಕಾಗಿ ಇಲ್ಲಿ ಬಹಿರಂಗವಾಗಿ ಕ್ಷಮೆ ಕೋರುತ್ತೇವೆ. ಇಂದಿನಿಂದ ಕರ್ತೃವಿನ ಅನುಮತಿಯೂ ಹೆಸರೂ ಸಂಭಾವನೆಯೂ ಇಲ್ಲದೆ ಯಾವ ಚಿತ್ರವನ್ನೂ ಈ ಪತ್ರಿಕೆಯಲ್ಲಿ ಅಚ್ಚುಹಾಕಕೂಡದೆಂದು ನಮ್ಮ ಕಾರ್ಯಾಲಯಕ್ಕೆ ಲಿಖಿತ ಆಜ್ಞೆಯಾಗಿದೆ. ಇದನ್ನು ನಾವು ಮೀರಿದುದು ಕಂಡುಬಂದರೆ ವಾಚಕರು ನಮ್ಮನ್ನು ಹೆಸರು ಹಿಡಿದು ಕೇಳಬಹುದು.

ಆ ಚಿತ್ರದ ಸಂಭಾವನೆಗೆ ಪ್ರತಿಯಾಗಿ ಪ್ರಕಟಣೆಯನ್ನು ಪುಕ್ಕಟೆಯಾಗಿ ಹಾಕುವೆವೆಂದೆವು. ಅವರು ಒಪ್ಪಲಿಲ್ಲ. ಸಂಭಾವನೆಯ ಹಣವನ್ನು ಎಣಿಸಿಕೊಂಡು ನಮಗೆ ರಸೀದಿ ಬರೆದುಕೊಟ್ಟರು. ಆಮೇಲೆ ಗುಮಾಸ್ತರ ಬಳಿಗೆ ಹೋಗಿ ಜಾಹೀರಾತಿನ ದರವನ್ನು ತೆತ್ತು ನಮ್ಮಿಂದ ರಸೀದಿ ಪಡೆದರು. ಅವರು ಕೇಳಿದ ಪ್ರಶ್ನೆಗೆ ನಮ್ಮ ಉತ್ತರವೂ ಈ ಎರಡು ರಸೀದಿಗಳಲ್ಲಿಯೇ ಇದೆ. ಕೊಟ್ಟುದು ಎಷ್ಟು, ಕೊಂಡುದು ಎಷ್ಟು ಎಂಬುದು ಎರಡು ಕಡೆಯವರಿಗೂ ತಿಳಿದಿರುವ ವ್ಯವಹಾರವನ್ನು ಬಯಸಿದವರು ತಪ್ಪು ಮಾಡಿದವರಲ್ಲ. ಅವರ ತಂದೆಯವರ ಆತಂಕವೂ ಸುಳ್ಳಲ್ಲ. ಅದನ್ನು ಸುಳ್ಳಾಗಿಸುವ ಹೊಣೆ ಈ ನಾಲ್ಕು ತಾಲ್ಲೂಕುಗಳ ನಮ್ಮೆಲ್ಲರದು. ಅವರ ಪ್ರಕಟಣೆ ಇಂದಿನ ಜಾಹೀರಾತಿನ ಪುಟದಲ್ಲಿ ಅಚ್ಚಾಗಿದೆ. ವಾಚಕರು ದಯವಿಟ್ಟು ನೋಡಬೇಕು.